ಅತ್ತೆ ಡಾಕ್ಟರಿಗೆ ಕಲಿಸಿದ ಮಾತು

ನಮ್ಮ ಮನೆಯಲ್ಲಿ ಮೊದಲು ಊದಿಕೊಂಡಿದ್ದು ಅತ್ತೆಯ ಕಾಲಲ್ಲ, ನನ್ನ ಜಂಬ. ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ಕಡ್ಡಿಯ ಹಾಗಿದ್ದ ಅತ್ತೆ ಆ ಚಳಿಗಾಲ ಕಳೆಯುವ ಹೊತ್ತಿಗೆ ಮೈ ತುಂಬಿಕೊಂಡಂತೆ ಕಂಡಳು. ಬೋರಿಂಗ್ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರು, "ಸೊಸೆ ಕೈಯಡುಗೆ ಒಗ್ಗೈತೆ ಕಣಮ್ಮಿ ನಿಂಗೆ" ಅಂದರು. ನಾನು ಕೇಳಿಸದವಳ ಹಾಗೆ ಕೊಡ ತುಂಬಿಸಿಕೊಂಡೆ. ಮನೆಗೆ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಅತ್ತೆಯನ್ನು ದಪ್ಪ ಮಾಡಿದ ಸೊಸೆ ಎಂಬ ಹೆಸರು ನಮ್ಮ ಕಡೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ನಮ್ಮ ಊರು ಧರ್ಮಪುರಿಯಿಂದ ಓಮಲೂರಿಗೆ ಹೋಗುವ ರಸ್ತೆಯಿಂದ ಒಳಗೆ ನಡೆದರೆ ಸಿಗುತ್ತದೆ. ಕಲ್ಲು, ಜಾಲಿ, ರಾಗಿ ಹೊಲ, ಕುರಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನು ಓದಿದ್ದೂ ತಮಿಳಿನಲ್ಲೇ, ಕನ್ನಡ ಅಕ್ಷರ ಕಲಿತಿದ್ದು ನಡುವಯಸ್ಸಿನಲ್ಲಿ. ಇವತ್ತಿಗೂ ಕೋಪ ಬಂದರೆ ನನ್ನ ಬಾಯಿಗೆ ತಮಿಳೇ ಮೊದಲು ಬರುತ್ತದೆ. ಅತ್ತೆ ಅಂದರೆ ಬರೀ ಗಂಡನ ತಾಯಿಯಲ್ಲ, ನನ್ನ ಅಪ್ಪನ ಒಡಹುಟ್ಟಿದ ತಂಗಿ. ಲಂಗ ಹಾಕುವ ಕಾಲದಿಂದ ಅವಳನ್ನು ನೀನು ಎಂದೇ ಕರೆದವಳು ನಾನು, ಸೊಸೆಯಾದ ಮೇಲೆ ನೀವು ಎನ್ನಲು ಹೋಗಿ ಇಬ್ಬರೂ ನಕ್ಕು ಬಿಟ್ಟುಬಿಟ್ಟೆವು. ಹಾಗಾಗಿ ನಮ್ಮ ಜಗಳಗಳು ಬಾಗಿಲು ತೆರೆದೇ ನಡೆಯುತ್ತಿದ್ದವು. ನನ್ನ ಗಂಡ ಏರ್ಕಾಡಿನ ಕಾಫಿ ತೋಟಗಳಿಗೆ ಲಾರಿ ಓಡಿಸುತ್ತಿದ್ದ, ವಾರಕ್ಕೊಮ್ಮೆ ಬಂದು ಯಾರ ಪರವನ್ನೂ ವಹಿಸದೆ ಉಂಡು ಮಲಗುತ್ತಿದ್ದ.

ಕುರಿ ನೋಡುತ್ತಿದ್ದವರು ಮಾವ ಮತ್ತು ಅತ್ತೆ. ಬೆಳೆ ಕೊಯ್ದು ಹೊಲ ಖಾಲಿಯಾದ ಮೇಲೆ ಓಮಲೂರು ಕಡೆಯ ಹೊಲದೊಡೆಯ ಗೌಂಡರು ಮಂದೆಗೆ ಕರೆಯುತ್ತಿದ್ದರು. ರಾತ್ರಿ ಕುರಿಗಳನ್ನು ಹೊಲದಲ್ಲೇ ಕೂಡಿಹಾಕಿದರೆ ಗೊಬ್ಬರ ತಾನಾಗಿ ಬೀಳುತ್ತದೆ, ಅದಕ್ಕೆ ಅವರು ಕಾಳು ಕೊಡುತ್ತಾರೆ. ಅತ್ತೆಗೆ ಆ ಹೊರಡುವ ದಿನವೇ ಹಬ್ಬ. ತಲೆಯ ಮೇಲೆ ಪಾತ್ರೆ ಗಂಟು, ಕಂಕುಳಲ್ಲಿ ನಡೆಯಲಾರದ ಮರಿ, ಬಾಯಲ್ಲಿ ಬೈಗುಳ. ಮನೆಯಲ್ಲಿ ನಾಲ್ಕು ಗೋಡೆ ನೋಡಿಕೊಂಡು ಕೂರುವುದೆಂದರೆ ಅವಳಿಗೆ ಜೈಲು.

ಆ ಚಳಿಗಾಲ ಊರಿಗೆಲ್ಲ ಜ್ವರ, ಕೆಮ್ಮು. ಎಲ್ಲರೂ ಮಲಗಿ ಎದ್ದರು. ಅತ್ತೆ ಮಲಗಲೇ ಇಲ್ಲ, ಜ್ವರವನ್ನು ಸೆರಗಿಗೆ ಕಟ್ಟಿಕೊಂಡು ಕುರಿ ಹಿಂದೆ ಹೋದಳು. ಜ್ವರ ಬಿಟ್ಟಿತು, ಆದರೆ ಅವಳ ಉಸಿರು ಗಿಡ್ಡವಾಯಿತು. ದಿಣ್ಣೆ ಹತ್ತುವಾಗ ನಡುದಾರಿಯಲ್ಲಿ ನಿಂತು ಸೀರೆ ಸರಿಮಾಡಿಕೊಳ್ಳುವ ನೆಪ ತೆಗೆಯುತ್ತಿದ್ದಳು. ಸೀರೆ ಸರಿಮಾಡಿಕೊಳ್ಳುವ ಹೆಂಗಸೇ ಅಲ್ಲ ಅವಳು, ನನಗೆ ಆಗಲೇ ಹೊಳೆಯಬೇಕಿತ್ತು. ಆಮೇಲೆ ಮಲಗಿದರೆ ಉಸಿರು ಕಟ್ಟುತ್ತದೆ ಎಂದು ರಾಗಿ ಮೂಟೆಗೆ ಒರಗಿ ಕೂತೇ ನಿದ್ದೆ ಮಾಡತೊಡಗಿದಳು. "ಮೂಟೆ ಇಲಿ ಕಡೀತಾವೆ, ಕಾಯ್ತಾ ಇವ್ನಿ" ಎಂದು ಒಂದು ಸುಳ್ಳು ಬೇರೆ.

ಒಂದು ದಿನ ಎಣ್ಣೆ ಹಚ್ಚಲು ಅವಳ ಕಾಲು ಹಿಡಿದೆ. ಹೆಬ್ಬೆರಳು ಒತ್ತಿದ ಕಡೆ ಹಳ್ಳ ಬಿತ್ತು. ಕೈ ತೆಗೆದರೂ ಹಳ್ಳ ಹಾಗೇ ಇತ್ತು. ನನ್ನ ಕೈಯಡುಗೆಯ ಕೀರ್ತಿ ಅಲ್ಲಿಗೆ ಮುಗಿಯಿತು. ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು. ಅಪ್ಪ ಸತ್ತಾಗಲೂ ಅತ್ತೆ ಇದ್ದಾಳಲ್ಲ ಎಂದು ಧೈರ್ಯ ತಂದುಕೊಂಡವಳು ನಾನು. ಅವಳೇ ಹೋದರೆ ಯಾರನ್ನು ನೋಡಿ ಧೈರ್ಯ ತಂದುಕೊಳ್ಳುವುದು?

ಮರುದಿನವೇ ಮಾವ, ಅತ್ತೆ, ನಾನು ಬಸ್ಸು ಹತ್ತಿ ಸೇಲಂಗೆ ಹೋದೆವು. ಎದೆಯ ಡಾಕ್ಟರು ಇನ್ನೂ ಹುಡುಗನಂತಿದ್ದರು. ಎಕ್ಸ್-ರೇ ತೆಗೆಸಿದರು, ಎದೆಗೆ ಒಂದು ಯಂತ್ರ ಆಡಿಸಿ ಟಿವಿಯಂಥ ಪೆಟ್ಟಿಗೆಯಲ್ಲಿ ನೋಡಿದರು. ಅಷ್ಟರಲ್ಲಿ ಅತ್ತೆ ಮಾವನಿಗೆ ಏನೋ ಬೈದಿದ್ದು ಅವರ ಕಿವಿಗೆ ಬಿತ್ತು. ಮುಖ ಅರಳಿಸಿಕೊಂಡು, "ಅಮ್ಮಾ, ನೀವು ಕನ್ನಡನಾ? ನನಗೆ ಕನ್ನಡ ಬರತ್ತೆ! ಮೈಸೂರಲ್ಲಿ ಒಂದು ವರ್ಷ ಇದ್ದೆ" ಅಂದರು.

ಸೇಲಂನಲ್ಲಿ ಕುರ್ಚಿಯ ಮೇಲೆ ಕೂತವರು ಯಾರೂ ನಮ್ಮ ಜೊತೆ ನಮ್ಮ ಮಾತು ಆಡಿದ್ದಿಲ್ಲ. ಅತ್ತೆಗೆ ಅರ್ಧ ಕಾಯಿಲೆ ಅಲ್ಲೇ ಹೋದಂತಾಯಿತು. ಡಾಕ್ಟರು ಅವಳ ಕಾಲು ಒತ್ತಿ ನೋಡಿ, "ವೀಕ್ಕಂ... ಕನ್ನಡದಲ್ಲಿ ಏನು?" ಅಂದರು. "ಊತ ಅಂತೀವಿ ಸಾರ್" ಅಂದಳು ಅತ್ತೆ. "ಊತ, ಊತ" ಎಂದು ಅವರು ಎರಡು ಸಲ ಹೇಳಿಕೊಂಡರು. ಅತ್ತೆ ಟೀಚರಮ್ಮನ ಹಾಗೆ ತಲೆಯಾಡಿಸಿದಳು.

ಕಾಯಿಲೆ ಏನೆಂದು ಹೇಳುವಾಗ ಅವರ ಕನ್ನಡ ಸಾಲದೆ ತಮಿಳಿಗೆ ಬಂದರು. ಜ್ವರ ಮೈಯಿಂದ ಇಳಿದರೂ ಗುಂಡಿಗೆಯ ಮಾಂಸದಿಂದ ಇಳಿದಿರಲಿಲ್ಲವಂತೆ. ಒಳಗೆ ಬಾವು ಬಂದು ಮೆದು ಮಾಂಸ ಅಲ್ಲಲ್ಲಿ ಸತ್ತಿದೆ. ದೇಹ ಸುಮ್ಮನಿರುತ್ತದೆಯೇ, ತಾನೇ ರಿಪೇರಿಗೆ ಇಳಿದು ಆ ಜಾಗದಲ್ಲಿ ಗಟ್ಟಿ ನಾರು ತುಂಬಿದೆ. ನಾರಿಗೆ ಹಿಂಡಲು ಬರುವುದಿಲ್ಲ. ಅದರ ಪಾಲಿನ ಕೆಲಸವನ್ನೂ ಉಳಿದ ಮಾಂಸವೇ ಎಳೆದೂ ಎಳೆದೂ ಸಡಿಲವಾಗಿ, ಗುಂಡಿಗೆ ಹಿಗ್ಗಿ ದೊಡ್ಡದಾಗಿದೆ. ರಕ್ತ ಮುಂದೆ ಹೋಗದೆ ನೀರು ಹಿಂದೆ ನಿಂತಿದೆ, ಎದೆಯಲ್ಲಿ ಮತ್ತು ಕಾಲಲ್ಲಿ.

ಮಾವ ಮಾತು ಕಡಿಮೆಯ ಮನುಷ್ಯ. ಸ್ವಲ್ಪ ಹೊತ್ತು ಯೋಚಿಸಿ, "ಕಂಬ್ಳಿ ತೂತಿಗೆ ಗೋಣಿ ತೇಪೆ ಆಕ್ದಂಗೆ. ತೇಪೆ ಗಟ್ಟಿಯಾಗೈತೆ, ಪಕ್ಕದ ಕಂಬ್ಳಿ ಜಗ್ಗೋಗೈತೆ" ಅಂದರು. ಡಾಕ್ಟರು ಹೌದು ಎಂದರು. ಗುಂಡಿಗೆ ದೊಡ್ಡದಾದರೆ ಒಳ್ಳೆಯದೇ ಅಲ್ಲವೇ ಎಂದು ಅತ್ತೆ ಕೇಳಿದಳು.

ವರ್ಷಗಳ ಮೇಲೆ ಕನ್ನಡ ಓದಲು ಕಲಿತಾಗ, ಹೀಗೆ ಬಾವು ಬರುವುದಕ್ಕೆ ಪುಸ್ತಕದಲ್ಲಿ ಉರಿಯೂತ ಎನ್ನುತ್ತಾರೆಂದು ತಿಳಿಯಿತು. ಉರಿ, ಊತ. ಓದಿದವರು ಅತ್ತೆಯನ್ನು ನೋಡಿಯೇ ಹೆಸರಿಟ್ಟ ಹಾಗಿದೆ ಅನ್ನಿಸಿತು. ಉರಿ ಅವಳ ನಾಲಗೆಯಲ್ಲಿತ್ತು, ಊತ ಕಾಲಲ್ಲಿತ್ತು.

ಡಾಕ್ಟರು ಎರಡು ಬಗೆಯ ಮಾತ್ರೆ ಬರೆದರು. ಒಂದು ನೀರಿನ ಮಾತ್ರೆ, ನಿಂತ ನೀರನ್ನು ಉಚ್ಚೆಯಲ್ಲಿ ಹೊರಗೆ ಹಾಕುವುದು. ಇನ್ನೊಂದು ಸಣ್ಣದು, ಗುಂಡಿಗೆಯ ಹೊರೆ ಇಳಿಸುವುದು. ಹೊರೆ ಇಳಿದರೆ ಅದು ತನ್ನನ್ನು ತಾನು ಅಡ್ಡಾದಿಡ್ಡಿ ಕಟ್ಟಿಕೊಳ್ಳುವುದು ನಿಲ್ಲಬಹುದು, ಹಿಗ್ಗಿದ್ದು ಸ್ವಲ್ಪ ಕುಗ್ಗಲೂಬಹುದು ಅಂದರು. ಉಪ್ಪು ಮಾತ್ರ ಹಿಡಿ ಹಿಡಿ ಹಾಕಬಾರದು. ಅತ್ತೆ ಇದನ್ನೆಲ್ಲ ಕೇಳಿ ಒಂದೇ ಮಾತು ಕೇಳಿದಳು.

"ಬ್ಯಾಸ್ಗೇಲಿ ಮಂದೆ ಜೊತೆ ಓಗ್ಬೋದಾ ಸಾರ್?"

"ಈಗ ಬೇಡ. ಮಾತ್ರೆ ಕೆಲಸ ಮಾಡಬೇಕು. ಕುಗ್ಗಿದರೆ ಹೋಗಿ. ಕುಗ್ಗಲಿಲ್ಲ ಅಂದರೆ ಮನೆಯಲ್ಲೇ."

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ತೊಪ್ಪೂರು ಏರು ದಾಟಿದ ಮೇಲೆ ಕಣ್ಣೊರೆಸಿಕೊಂಡು, "ಕುಗ್ದೆ ಎಲ್ಲೋಗ್ತೈತೆ, ನಾನ್ ಬುಡಲ್ಲ" ಅಂದಳು. ತನ್ನ ಗುಂಡಿಗೆಗೂ ಅವಳು ಗದರಿಸಿಯೇ ಕೆಲಸ ಹೇಳುವವಳು.

ಉಪ್ಪಿನ ಮಡಕೆ ಅವತ್ತಿನಿಂದ ನನ್ನ ಕೈಗೆ ಬಂತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನನ್ನ ಕಾಲ ಅಷ್ಟು ಬೇಗ ಬಂದದ್ದಕ್ಕೆ ನನಗೇ ನಾಚಿಕೆಯಾಯಿತು. ಅವಳಿಗೊಂದು ಸಾರು, ನಮಗೊಂದು ಸಾರು ಮಾಡಿದರೆ ಅವಳು ನಮ್ಮ ಪಾತ್ರೆಗೇ ಸೌಟು ಹಾಕುತ್ತಿದ್ದಳು. ಕೊನೆಗೆ ಮನೆಗೆಲ್ಲ ಒಂದೇ ಸಪ್ಪೆ ಸಾರು ಮಾಡಿದೆ. ಮಾವ ಒಂದು ವಾರ ತಾಳಿಕೊಂಡರು, ಆಮೇಲೆ ಊಟದ ಹೊತ್ತಿಗೆ ಸರಿಯಾಗಿ ಅವರಿಗೆ ಪಕ್ಕದ ಮನೆಯಲ್ಲಿ ಮಾತಾಡುವ ಕೆಲಸ ಬೀಳತೊಡಗಿತು. ಅತ್ತೆಯಂತೂ ಬೆಕ್ಕಿನಷ್ಟು ಜಾಣೆ. ಕುರಿ ಸಾಕುವ ಮನೆಯಲ್ಲಿ ಉಪ್ಪುಕಂಡ ಇದ್ದೇ ಇರುತ್ತದೆ. ಮಾಂಸಕ್ಕೆ ಉಪ್ಪು ಸವರಿ ದಾರಕ್ಕೆ ಪೋಣಿಸಿ ಒಣಗಿಸಿದ್ದು. ಅದನ್ನು ಅಟ್ಟದ ಮೇಲಿಂದ ಇಳಿಸಿ ಬಚ್ಚಿಟ್ಟೆ. ಎರಡೇ ದಿನದಲ್ಲಿ ಅವಳ ಎಲೆಯಡಿಕೆ ಚೀಲದಿಂದ ಒಂದು ತುಂಡು ಉದುರಿತು.

"ಏನಿದು?" ಅಂದೆ.

"ಅಡ್ಕೆ."

"ಅಡಿಕೆಗೆ ಕೊಬ್ಬು ಇರ್ತೈತಾ?"

"ಒಳ್ಳೇ ಅಡ್ಕೆ ಆದ್ರೆ ಇರ್ತೈತೆ" ಅಂದಳು, ಕಣ್ಣು ಮಿಟುಕಿಸದೆ. ನಾನು ಕೋಪದಿಂದ ತುಂಡು ಕಿತ್ತುಕೊಂಡೆ, ಅಡುಗೆಮನೆಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ, ಆಮೇಲೆ ತುಂಡನ್ನು ನಾನೇ ತಿಂದೆ.

ಇಷ್ಟೆಲ್ಲ ಕಳ್ಳಾಟದ ನಡುವೆಯೂ ಮಾತ್ರೆ ಹಿಡಿಯಿತು. ಕಾಲು ಇಳಿಯಿತು, ಕಾಲಿನ ಕಡಗ ತಿರುಗಾಡತೊಡಗಿತು. ರಾಗಿ ಮೂಟೆ ಬಿಟ್ಟು ಚಾಪೆಯ ಮೇಲೆ ನೆಟ್ಟಗೆ ಮಲಗಿದಳು. ಅದಕ್ಕಿಂತ ದೊಡ್ಡದೆಂದರೆ ಹಸಿವು. ಕಾಯಿಲೆ ಬಿದ್ದಾಗ ಅರ್ಧ ಮುದ್ದೆಗೇ ಕೈ ತೊಳೆಯುತ್ತಿದ್ದವಳು ಈಗ ಹೊತ್ತಿಗೆ ಮುಂಚೆಯೇ ತಟ್ಟೆ ಬಡಿಯುತ್ತಿದ್ದಳು.

ಎರಡನೇ ಸಲ ಸೇಲಂಗೆ ಹೋದಾಗ ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಾಕ್ಟರು ನಮ್ಮನ್ನು ಕಂಡು ಆ ಗಲಾಟೆಯಲ್ಲೂ ನಕ್ಕರು. ಅತ್ತೆ ಸ್ಟೂಲಿನ ಮೇಲೆ ಕಾಲನ್ನು ಸೀರೆಯೊಳಗೆ ಮುದುಡಿಕೊಂಡು ಕೂತಳು, ಗಂಡಸಿಗೆ ಮತ್ತೆ ಕಾಲು ತೋರಿಸಲು ಅವಳಿಗೆ ಇಷ್ಟವಿರಲಿಲ್ಲ. ಡಾಕ್ಟರು ಚೀಟಿ ನೋಡುತ್ತಾ ಕೇಳಿದರು:

"ಅಮ್ಮಾ, ಊಟ ಕಡಿಮೆ ಆಯ್ತಾ?"

"ಇಲ್ಲ ಸಾರ್, ಜಾಸ್ತಿ ಆಗೈತೆ!" ಅಂದಳು ಅತ್ತೆ, ಹೆಮ್ಮೆಯಿಂದ.

ಅವರು ತಲೆ ಎತ್ತಿದರು. "ಜಾಸ್ತಿನಾ? ಎರಡೂ?"

ಎರಡೂ ಹೊತ್ತೂ ಎಂದು ಕೇಳುತ್ತಿದ್ದಾರೆ ಎಂದುಕೊಂಡಳು ಅವಳು. "ಎಲ್ಡೂ ಸಾರ್. ಬೆಳಿಗ್ಗೆ ಒಸಿ ಕಮ್ಮಿ, ಸಾಯಂಕಾಲ ಬಲು ಜಾಸ್ತಿ."

ಡಾಕ್ಟರ ಮುಖ ಇಳಿಯಿತು. ಬಗ್ಗಿ ನೋಡಿದರು. ಸೀರೆಯಂಚಿನ ಕೆಳಗೆ ಕಂಡಿದ್ದು ಕಡಗ ಒತ್ತಿ ಆಗಿದ್ದ ಹಳೆಯ ಹಳ್ಳವೊಂದೇ. ಹಿಂದೆ ಜನ ನೂಕುತ್ತಿದ್ದರು. ಅವರು ನಿಟ್ಟುಸಿರಿಟ್ಟು ನೀರಿನ ಮಾತ್ರೆಯನ್ನು ದುಪ್ಪಟ್ಟು ಮಾಡಿದರು. ನನಗೆ ಅರ್ಥವಾಗಲಿಲ್ಲ. "ತಮಿಳಲ್ಲೇ ಕೇಳು ಅತ್ತೆ, ಯಾಕೆ ಜಾಸ್ತಿ ಮಾಡಿದ್ರು ಅಂತ" ಎಂದು ತಿವಿದೆ. "ಸುಮ್ಕಿರು. ಅಷ್ಟು ಆಸೆಪಟ್ಟು ನಮ್ ಮಾತಾಡ್ತೈತೆ ಮಗ. ನಾವು ತಮಿಳಾಡಿದ್ರೆ ಮಖ ಸಣ್ಣಕ್ಕಾಗ್ತೈತೆ" ಎಂದು ನನ್ನನ್ನೇ ಎಳೆದುಕೊಂಡು ಹೊರಗೆ ಬಂದಳು.

ತಮಿಳು ನಮಗೆಲ್ಲ ನೀರು ಕುಡಿದಷ್ಟು ಸುಲಭ, ಅವರಿಗಂತೂ ತಾಯಿಮಾತು. ಆದರೂ ಮರ್ಯಾದೆಗೆ ಬಿದ್ದು ಎರಡೂ ಕಡೆಯವರು ಅರೆಬರೆ ಕನ್ನಡದಲ್ಲಿ ವ್ಯವಹಾರ ಮುಗಿಸಿದೆವು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಅತ್ತೆ ಬೆಳಗಿನಿಂದ ಚೊಂಬು ಹಿಡಿದು ಬೇಲಿಯ ಕಡೆಗೇ ಓಡಾಡಿದಳು. ಬಾಯಿ ಒಣಗಿತು, ಮೀನಖಂಡ ಹಿಡಿದುಕೊಂಡು ನರಳಿದಳು, ಕೆನ್ನೆ ಗುಳಿಬಿತ್ತು. ಒಂದು ಬೆಳಿಗ್ಗೆ ಕುರಿ ಬಿಡಲು ಎದ್ದವಳು ಕಣ್ಣು ಕತ್ತಲೆ ಬಂದು ತಟ್ಟಿಬಾಗಿಲಿನ ಹತ್ತಿರ ಕುಸಿದಳು. ಮಾವ ಓಡಿಬಂದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಕುರಿಗಳು ಸುತ್ತ ನಿಂತು ಅರಚುತ್ತಿದ್ದವು. ಅವಳು ಕಣ್ಣು ಬಿಟ್ಟು ಹೇಳಿದ ಮೊದಲ ಮಾತು, "ಗುಂಡ್ಗೆ ಕುಗ್ಲಿಲ್ಲ ಅನ್ಸುತ್ತೆ ಕಣೇ. ನನ್ ಮಂದೆ ಮುಗೀತು." ಅವಳು ಅತ್ತಿದ್ದನ್ನು ನಾನು ನೋಡಿದ್ದು ಕಡಿಮೆ.

ಆ ದಿನವೇ ಮತ್ತೆ ಸೇಲಂ. ಡಾಕ್ಟರು ಗಾಬರಿಯಿಂದ ರಕ್ತದೊತ್ತಡ ನೋಡಿದರು, ತೀರಾ ಇಳಿದಿತ್ತು. ಆದರೂ ಅತ್ತೆಯ ಕಡೆ ಬಗ್ಗಿ ಮೆಲ್ಲಗೆ, "ಊಟ ಇನ್ನೂ ಜಾಸ್ತಿ ಇದೆಯಾ ಅಮ್ಮಾ?" ಅಂದರು. ನನ್ನ ತಾಳ್ಮೆ ಹರಿಯಿತು. ಜೀವ ಹೋಗುತ್ತಿರುವವಳ ಊಟದ ಲೆಕ್ಕ ಯಾಕೆ ಇವರಿಗೆ? ಬಾಯಿಗೆ ತಮಿಳು ನುಗ್ಗಿ ಬಂತು.

"ಕಾಲ್ಲ ವೀಕ್ಕಮೇ ಇಲ್ಲ ಸಾರ್! ಕುಚ್ಚಿ ಮಾದಿರಿ ಇರುಕ್ಕು! ಎದುಕ್ಕು ಇವ್ವಳವು ತಣ್ಣಿ ಮಾತ್ತಿರೈ?" ಎಂದೆ. ಊತವೇ ಇಲ್ಲ, ಕಾಲು ಕಡ್ಡಿಯಾಗಿದೆ, ಇಷ್ಟು ನೀರಿನ ಮಾತ್ರೆ ಯಾಕೆ ಎಂದು ಕೂಗಿಯೇ ಕೇಳಿದೆ. ಅತ್ತೆಯ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಯೂ ತೋರಿಸಿದೆ.

ಡಾಕ್ಟರು ಕಾಲು ನೋಡಿದರು, ನನ್ನನ್ನು ನೋಡಿದರು. "ಅವಂಗ ದಾನೇ ಸೊನ್ನಾಂಗ... ಅವರೇ ಹೇಳಿದ್ರಲ್ಲ, ಊಟ ಜಾಸ್ತಿ ಆಯ್ತು ಅಂತ?"

ಮೊದಲು ಹೊಳೆದದ್ದು ಅತ್ತೆಗೆ. ಅಷ್ಟು ನಿತ್ರಾಣದಲ್ಲೂ ಎದ್ದು ಕೂತಳು.

"ಅಯ್ಯೋ ನನ್ ಮಗನೇ! ಊಟ ಅಲ್ಲ ಸಾರ್, ಊತ! ಊಟ ಬಾಯಿಗೆ, ಊತ ಕಾಲಿಗೆ!"

ಮೈಸೂರಿನ ಒಂದು ವರ್ಷದಲ್ಲಿ ಅವರು ಪ್ರತಿದಿನ ಕೇಳಿದ್ದು ಊಟ ಆಯ್ತಾ ಎಂಬ ಮಾತನ್ನಂತೆ. ಅತ್ತೆ ಕಲಿಸಿದ ಊತ ಅದರ ಜೊತೆ ಸೇರಿ ಊಟವಾಗಿಬಿಟ್ಟಿತ್ತು. ಅವರು ಕೆಂಪಗಾದರು, ಮೇಜಿನ ಮೇಲೆ ತಲೆಯಿಟ್ಟು ನಕ್ಕರು, ಆಮೇಲೆ ನಗು ನಿಲ್ಲಿಸಿ ಕೈ ಮುಗಿದು ತಮಿಳಿನಲ್ಲಿ ತಪ್ಪಾಯಿತು ಅಂದರು. "ಬುಡಿ ಸಾರ್, ಕಲ್ಸಿದೋಳು ನಾನೇ. ಶಿಷ್ಯನ್ ತಪ್ಪು ಗುರೂದು" ಎಂದಳು ಅತ್ತೆ. ಆಸ್ಪತ್ರೆಯಲ್ಲೇ ಎರಡು ದಿನ ಇಟ್ಟುಕೊಂಡು ಬಾಟಲಿಯಲ್ಲಿ ನೀರು ಏರಿಸಿದರು, ನೀರಿನ ಮಾತ್ರೆ ಇಳಿಸಿದರು. ಹೊಟ್ಟೆಯೊಳಗಿನ ಊತ ಇಳಿದಾಗಲೇ ಹಸಿವು ಮರಳುವುದು, ಅಮ್ಮ ಹೇಳಿದ್ದು ಒಳ್ಳೆಯ ಸುದ್ದಿಯನ್ನೇ, ತಾನು ಕೇಳಿಸಿಕೊಂಡದ್ದು ಕೆಟ್ಟ ಸುದ್ದಿ ಎಂದು ಡಾಕ್ಟರು ನನಗೆ ಹೇಳಿದರು. ಅಂದಿನಿಂದ ಔಷಧಿಯ ಮಾತೆಲ್ಲ ತಮಿಳಿನಲ್ಲಿ, ಕ್ಷೇಮಸಮಾಚಾರ ಕನ್ನಡದಲ್ಲಿ ಎಂದು ಒಪ್ಪಂದವಾಯಿತು.

ಬೇಸಿಗೆ ಬಲಿಯುವ ಹೊತ್ತಿಗೆ ಮತ್ತೆ ಯಂತ್ರ ಆಡಿಸಿ ನೋಡಿದರು. ಅತ್ತೆ ಕಣ್ಣು ಮುಚ್ಚಿಕೊಂಡು ಮಲಗಿದ್ದಳು, ಬೆರಳುಗಳು ನನ್ನ ಕೈಯಲ್ಲಿದ್ದವು. ಗುಂಡಿಗೆ ಕುಗ್ಗಿತ್ತು. ಪೂರ್ತಿ ಮೊದಲಿನ ಹಾಗಲ್ಲ, ಆದರೆ ಕುಗ್ಗಿತ್ತು. ಗಟ್ಟಿಯಾದ ತುಂಡು ಇನ್ನು ಮೆತ್ತಗಾಗುವುದಿಲ್ಲ, ಅದು ಅಲ್ಲೇ ಇರುತ್ತದೆ, ಉಳಿದ ಮಾಂಸ ಅದರ ಪಕ್ಕದಲ್ಲಿ ನಿಧಾನಕ್ಕೆ ಕೆಲಸ ಮಾಡಲು ಕಲಿತಿದೆ ಅಂದರು ಡಾಕ್ಟರು. ತಲೆಹೊರೆ ಬೇಡ, ಏರು ಬೇಡ, ಮಾತ್ರೆ ತಪ್ಪಬಾರದು, ಸುಸ್ತಾದಲ್ಲಿ ಕೂರಬೇಕು. "ಮಂದೆಗೆ?" ಅಂದಳು ಅತ್ತೆ. ಅವರು "ಹೋಗಿ" ಅಂದರು. ಅದನ್ನು ತಮಿಳಿನಲ್ಲಿ ಇನ್ನೊಂದು ಸಲ ಹೇಳಿಸಿಕೊಂಡೇ ನಾನು ನಂಬಿದ್ದು.

ಹೊರಟ ದಿನ ಪಾತ್ರೆ ಗಂಟು ನನ್ನ ತಲೆಯ ಮೇಲಿತ್ತು. ಇಬ್ಬರನ್ನೂ ಓಮಲೂರು ಕಡೆಯ ಹೊಲಕ್ಕೆ ಸೇರಿಸಿ ನಾನು ಬಸ್ಸಿಗೆ ವಾಪಸು ಬರುವುದೆಂದು ಮಾತಾಗಿತ್ತು. ಪ್ರತಿವರ್ಷ ಮಾವ ಕುರಿಗಳ ಮುಂದೆ ದೂರದಲ್ಲಿ ನಡೆಯುತ್ತಿದ್ದರಂತೆ. ಅತ್ತೆ ಹಿಂದಿನಿಂದ ಹಿಂಡನ್ನೂ ಗಂಡನನ್ನೂ ಒಟ್ಟಿಗೆ ಬೈದುಕೊಂಡು ಬರುತ್ತಿದ್ದಳಂತೆ. ಆ ದಿನ ಮಾವ ಮುಂದೆ ಹೋಗಲೇ ಇಲ್ಲ. ಕುರಿಗಳನ್ನು ರಸ್ತೆ ಪಕ್ಕದ ಕೊಯ್ದ ಹೊಲಗಳಿಗೆ ಬಿಟ್ಟು, ಒಣ ಹುಲ್ಲು ಮೇಯಿಸುತ್ತಾ, ಬೇಕೆಂದೇ ತಡ ಮಾಡುತ್ತಾ ನಡೆದರು. ಅತ್ತೆ ಕೂತರೆ ಅವರಿಗೂ ಕೋಲಿನ ತುದಿ ಕೆತ್ತುವ ಕೆಲಸ ನೆನಪಾಗುತ್ತಿತ್ತು. ಎದ್ದರೆ ಅವರೂ ಏಳುತ್ತಿದ್ದರು. ಅರ್ಧ ದಿನದ ದಾರಿ ಸಂಜೆಯವರೆಗೆ ಹಿಡಿಯಿತು. ಹೊಲದ ಗೌಂಡರು ಬೇಲಿಯ ಹತ್ತಿರ ಕಾದು ನಿಂತು, ಏನಪ್ಪಾ ಇಷ್ಟು ಲೇಟು ಎಂದು ಗದರಿದರು. "ಕುರಿ ಮೇಯ್ಕೊಂಡು ಬಂದ್ವು" ಎಂದಷ್ಟೇ ಹೇಳಿ ಮಾವ ಗೂಟ ಹೊಡೆಯಲು ಬಗ್ಗಿದರು.

ಅತ್ತೆ ಒಂದು ಕಲ್ಲಿನ ಮೇಲೆ ಕೂತು ಉಸಿರು ಹದಕ್ಕೆ ತಂದುಕೊಳ್ಳುತ್ತಿದ್ದಳು. ಮಾವನನ್ನು ಸ್ವಲ್ಪ ಹೊತ್ತು ನೋಡಿದಳು.

"ಮದ್ವೆಯಾದಾಗಿಂದ ನನ್ನ ಬುಟ್ಟು ಮುಂದೆ ಮುಂದೆ ಓಗ್ತಿದ್ದೆ. ಇವತ್ತೇನು ಇಂದೆ ಬಿದ್ದೆ?"

ಮಾವ ಗೂಟದಿಂದ ತಲೆ ಎತ್ತಲಿಲ್ಲ. "ನಿನ್ನ ಉಸ್ರು ಸಣ್ಣಕ್ಕಾಗೈತಲ್ಲ. ಮುಂದೆ ಓದ್ರೆ ನೀನು ಬೈಯದು ಕೇಳ್ಸಲ್ಲ" ಅಂದರು.

ಬೈಯಲು ಬಾಯಿ ತೆರೆದ ಅತ್ತೆ ನನ್ನ ಕಡೆ ತಿರುಗಿ, ಒಲೆ ಹೂಡು, ಅವನಿಗೆ ಹಸಿವಾಗಿರುತ್ತದೆ ಎಂದು ಕೈಸನ್ನೆ ಮಾಡಿದಳು.